ಸೀಮೆಸುಣ್ಣ

ಮಣಿಕಟ್ಟು ಸೀಳಿದಾಗ ನೆತ್ತರಿಲ್ಲ,
ತೋಳಿಗೆ ಬಿಗಿದ ಪಟ್ಟಿ ತಡೆದಿತ್ತು.
ಬಂದದ್ದು ಬಿಳಿ, ಒದ್ದೆ ಸೀಮೆಸುಣ್ಣದ ಹಾಗೆ.

ಅಪಿಯಾದ ಶಾಲೆಯಲ್ಲಿ
ಮೂವತ್ತೆರಡು ವರ್ಷ ಭಿನ್ನರಾಶಿ ಬರೆದ ಕೈ.
ಈಚೆಗೆ ಇರುಳಲ್ಲಿ
ಹೊದಿಕೆ ತಾಕಿದರೂ ಚೀರುತ್ತಿತ್ತಂತೆ.

ಡಾಕ್ಟರು ನರದ ಸುತ್ತ ಕೆರೆಯುತ್ತಾರೆ
ತಳ ಹಿಡಿದ ಹಾಲು ಕೆರೆದಂತೆ, ಮೆಲ್ಲಗೆ.
ನಾನು ಹತ್ತಿಬಟ್ಟೆ ಎಣಿಸುತ್ತೇನೆ:
ಒಂಬತ್ತು, ಹತ್ತು, ಹನ್ನೆರಡು...

"ಹನ್ನೊಂದು ಎಲ್ಲಿ?"
ಪರದೆಯಾಚೆ ಪುಲೊತು ಮೇಷ್ಟ್ರು.
ಮರಗಟ್ಟಿದ್ದು ತೋಳು ಮಾತ್ರ.

ಆಮೇಲೆ ಬಟ್ಟಲು ನೋಡಿ ಅಂದರು:
"ಒಂದು ಚೂರು ಕೊಡು,
ಬರೆಯುತ್ತದೇನೋ ನೋಡೋಣ."

ಕೊಡಲಿಲ್ಲ.
ಅದರೊಳಗೆ ಕಣ್ಣಿಗೆ ಕಾಣದ ಸೂಜಿಗಳಿವೆ,
ಲ್ಯಾಬಿಗೆ ಹೋಗಬೇಕು.
ಸ್ಪಿರಿಟ್ಟಿನ ಸೀಸೆಗೆ ಹಾಕಿ
ಚೀಟಿಯ ಮೇಲೆ ಅವರ ಹೆಸರು ಬರೆದೆ.

ಸಾಲು ಸೊಟ್ಟ,
ಆಗಿನಂತೆಯೇ.