ಒಂಬತ್ತನೇ ಸುತ್ತು

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ನನ್ನದು ಕಾಟಾದ ಕೆಲಸ.
ಲಾರಿ ಬರುತ್ತದೆ, ತಟ್ಟೆಯ ಮೇಲೆ ನಿಲ್ಲುತ್ತದೆ,
ಕೆಂಪು ಅಂಕಿಗಳು ಒಂದಿಷ್ಟು ಹೊತ್ತು ನಡುಗಿ
ಒಂದು ಮಾತಿಗೆ ಬಂದು ನಿಲ್ಲುತ್ತವೆ. ಬರೆದುಕೊಳ್ಳುತ್ತೇನೆ.
ಹನ್ನೊಂದು ವರ್ಷ. ಅಂಕಿ ಸುಳ್ಳು ಹೇಳಿದ್ದು ಕಂಡಿಲ್ಲ,
ಡ್ರೈವರುಗಳು ಹೇಳಿದ್ದು ಕಂಡಿದ್ದೇನೆ.

ಅಂಥವಳು, ಶಾಮೀದಸಾಬನ ಅಂಗಡಿಯಲ್ಲಿ
ಮೂರು ಗಾಲಿಗಳ ಮುಂದೆ
ಎರಡು ಭಾನುವಾರ ಸುಮ್ಮನೆ ನಿಂತೆ.
ಇಪ್ಪತ್ತಾರು. ಇಪ್ಪತ್ತೇಳೂವರೆ. ಇಪ್ಪತ್ತೊಂಬತ್ತು.

ಯಮನೂರ ಆರಡಿ ಆಳು, ಹೇಳಿಯೇಬಿಟ್ಟ:
"ದೊಡ್ಡದು ತಗೋ ಅಕ್ಕಾ. ಕಲ್ಲಿದ್ರ ಕಲ್ಲು, ತಗ್ಗಿದ್ರ ತಗ್ಗು,
ಎಮ್ಮಿ ಹಳ್ಳ ದಾಟಿದಂಗ ದಾಟತೈತಿ.
ಇಪ್ಪತ್ತಾರು ಈಗ ಯಾರೂ ಕೇಳಂಗಿಲ್ಲ."
ಶಾಮೀದಸಾಬ ವಾಲ್ವಿನ ಟೋಪಿ ಹಲ್ಲಲ್ಲಿ ಕಚ್ಚಿಕೊಂಡೇ:
"ನಿಮ್ಮ ಎತ್ತರಕ್ಕ ನಡುವಿಂದು ಬೇಷ್ ನೋಡ್ರಿ."
ನನ್ನ ಎತ್ತರದ ಮಾತೆತ್ತದೆ
ಈ ಊರಲ್ಲಿ ಯಾರೂ ನನಗೆ ಏನನ್ನೂ ಮಾರಿಲ್ಲ.

ಅಮಾಸಿ, ಗಿರಣಿಗೆ ರಜ.
ಮೂರನ್ನೂ ಒಂದು ದಿನಕ್ಕೆಂದು ಬೇಡಿ ಅಂಗಳಕ್ಕೆ ತಂದೆ.
ವಾಚ್‌ಮನ್ ದುರುಗಪ್ಪ ಬೀಡಿ ಆರಿಸಿ ನೋಡುತ್ತ ನಿಂತ.
ಒಂದೊಂದನ್ನೇ ತಟ್ಟೆಗೇರಿಸಿ, ಮೇಲೆ ನಾನೂ ಕೂತೆ.
ಎಪ್ಪತ್ತು. ಎಪ್ಪತ್ತು. ಎಪ್ಪತ್ತು.
ಹತ್ತು ಕೆಜಿಯೊಳಗಿನದು
ನಮ್ಮ ಕಾಟಾದ ಕಣ್ಣಿಗೆ ಬೀಳುವುದಿಲ್ಲ;
ನನ್ನ ತಕರಾರೆಲ್ಲ ಇರುವುದು ಅಷ್ಟರೊಳಗೇ.

ಆಮೇಲೆ ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು
ಅರವತ್ತಡಿ ತಟ್ಟೆಯ ಈ ತುದಿಯಿಂದ ಆ ತುದಿಗೆ ದೂಡಿದೆ.
ದುರುಗಪ್ಪ ಎಣಿಸಿದ, ಬೆರಳು ಮಡಚುತ್ತ.
ದೊಡ್ಡದು: ಎಂಟಕ್ಕೆ ನಾಲ್ಕು ಬೆರಳು ಕಮ್ಮಿ.
ನಡುವಿನದು: ಎಂಟು, ಮೇಲಿಷ್ಟು ಚಿಲ್ಲರೆ.
ಸಣ್ಣದು: ಒಂಬತ್ತಕ್ಕೆ ಒಂದು ಮೊಳ ಕಮ್ಮಿ.
"ಒಂದು ಸುತ್ತಿಗೆ ಇಷ್ಟು ರಾದ್ಧಾಂತ ಏನವ್ವಾ?" ಅಂದ.

ಬಿಸಿಲು ಇಳಿದ ಮೇಲೆ ಹಿರೇಬೆಣಕಲ್ಲಿನ ದಾರಿ.
ಯಮನೂರ ಟಂಟಂನಲ್ಲಿ ಮೂರನ್ನೂ ಹೇರಿಕೊಂಡು ಬಂದ.

ದೊಡ್ಡ ಗಾಲಿ ಅವನು ಅಂದಂತೆಯೇ,
ಕಲ್ಲುಗಳು ಅದಕ್ಕೆ ಬರೀ ಗಾಳಿಸುದ್ದಿ.
ಆದರೆ ಎರಡು ಹೆಬ್ಬಂಡೆಗಳ ನಡುವೆ
ದಾರಿ ಮನಸ್ಸು ಬದಲಿಸುವಲ್ಲಿ
ಹ್ಯಾಂಡಲ್ ತಿರುಗಿತು, ಸೈಕಲ್ ಇನ್ನೂ ಯೋಚಿಸುತ್ತಿತ್ತು.
ಕಾಲು ಚಾಚಿದೆ. ನೆಲ ಮತ್ತೂ ಕೆಳಗಿತ್ತು.

ನಡುವಿನದರ ಮೇಲೆ ಹೇಳಲು ಒಂದು ದೂರೂ ಸಿಗಲಿಲ್ಲ.
ಮನೆಗೆ ಬಂದ ಮೇಲೆ ಅದರ ಬಣ್ಣ ನೆನಪಾಗಲಿಲ್ಲ.

ಇಪ್ಪತ್ತಾರು ಪ್ರತಿ ಕಲ್ಲನ್ನೂ ನನಗೆ ಹೇಳಿತು,
ಹಾಜರಿ ಕರೆದ ಹಾಗೆ, ಬೆನ್ನುಹುರಿಯವರೆಗೆ.
ಒಂದು ಬಿರುಕಿನಲ್ಲಿ ಸಿಕ್ಕಿಕೊಂಡಿತು.
ಮೊಣಕೈ ತರಚಿತು. ಬೈದೆ, ಎತ್ತಿದೆ, ಮತ್ತೆ ತುಳಿದೆ.
ಆ ಹೆಬ್ಬಂಡೆಗಳ ಹತ್ತಿರ ಮಾತ್ರ
ನಾನು ನೋಡುವ ಮೊದಲೇ ಅತ್ತ ಹೊರಳಿತ್ತು,
ಬೇಲಿಸಂದಿಯಲ್ಲಿ ತೂರುವ ಮೇಕೆಮರಿ.

ಮೇಲೆ, ಮೋರ್ಯರ ಕಲ್ಲುಮನೆಗಳಿಗೆ ಇನ್ನೂ ದೂರವಿರುವಾಗಲೇ
ಸೈಕಲ್ ಮಲಗಿಸಿ ನಡೆದೆ.
ಚಪ್ಪಡಿಯ ಗೋಡೆಯಲ್ಲಿ ಒಂದು ದುಂಡನೆಯ ಕಿಂಡಿ.
ಚಟ ಬಿಡದು, ಗೇಣು ಹಾಕಿದೆ:
ಎರಡಕ್ಕೆ ಚೂರು ಕಮ್ಮಿ.
ಯಾರೋ ಒಬ್ಬರು, ಟೇಪಿಲ್ಲದೆ, ಎಂದೋ ಒಂದು ಸಂಜೆ
ಇಷ್ಟು ಸಾಕು ಎಂದು ಕೈ ಕೆಳಗಿಟ್ಟಿದ್ದಾರೆ.
ಇನ್ನಷ್ಟು ದೊಡ್ಡದು ಮಾಡು ಎಂದು
ಪಕ್ಕದಲ್ಲಿ ನಿಂತವನು ಹೇಳಿರಲಿಕ್ಕೂ ಸಾಕು.

"ನಾಳೆ ಮಾರಾಕ ಹೋದ್ರ ಯಾರೂ ಮುಟ್ಟಂಗಿಲ್ಲ," ಅಂದ ಶಾಮೀದಸಾಬ.
ಟ್ಯೂಬು?
"ಟ್ಯೂಬು ಹಳ್ಳಿಹಳ್ಳಿಗೂ ಸಿಗತಾವ.
ಜಾಲಿಮುಳ್ಳೇನು ಅಳತಿ ಕೇಳಿ ಚುಚ್ಚತೈತೇನ್ರಿ?"
ನೋಟು ಎರಡು ಸಲ ಎಣಿಸಿ ಕೊಟ್ಟೆ.

ಈಗ ಗಿರಣಿಗೆ ಅದರಲ್ಲೇ ಬರುತ್ತೇನೆ.
ಲಾರಿ ಇಲ್ಲದ ಹೊತ್ತು ನೋಡಿ
ತಟ್ಟೆಯ ಮೇಲಿಂದಲೇ ಹಾಯುತ್ತೇನೆ.
ಎಂಟು ಸುತ್ತು ಗಿರಣಿಯವು.
ಒಂಬತ್ತನೆಯದು
ಕಬ್ಬಿಣ ಮುಗಿದು, ತೌಡು ಬಿದ್ದ ಮಣ್ಣಿಗಿಳಿದು
ಒಂದು ಮೊಳ ಹೋದ ಮೇಲೆ ತುಂಬುತ್ತದೆ.
ದುರುಗಪ್ಪ ಗೇಟಿನ ಕಡೆ ಮುಖ ಮಾಡಿಕೊಂಡೇ
ಆ ಬೆರಳನ್ನೂ ಮಡಚುತ್ತಾನೆ.