ಶಂಖದಿಂದ ಬಂದದ್ದು

ಟೋಕಿಗೆ ಎಂಟು ವರ್ಷ. ಕ್ಲಾಕ್ಸ್‌ವಿಕ್‌ನಿಂದ
ಕಡಲಡಿಯ ಎರಡು ಸುರಂಗ ದಾಟಿ ಬಂದಿದ್ದಾನೆ.
ಬೂಟಿಗೆ ಕುರಿಹಿಕ್ಕೆ, ಜೇಬಿನಲ್ಲಿ ಯಾವುದೋ ಹಕ್ಕಿಯ ಕೊಕ್ಕು.
ತಾಯಿ ಮರ್ಯುನ್ ಕೈಕುಲುಕಿದಳು.
ಬೆರಳುಗಳಲ್ಲಿ ಇನ್ನೂ ಸಾಲ್ಮನ್ ಮೀನಿನ ಚಳಿ.

ಕಿವಿ ಸರಿಯಿಲ್ಲ ಅಂದವರು ಶಾಲೆಯವರು.
ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ ಅಂದವಳು ಅಜ್ಜಿ.
ಬಾಗಿಲು ಹಾಕು ಎಂದರೆ ಬಾಗಿ ನಿಲ್ಲುತ್ತಾನಂತೆ,
ಅದೂ ತರಗತಿಯ ಇಪ್ಪತ್ತು ಕುರ್ಚಿ ಕಿರುಗುಟ್ಟುವಾಗ ಮಾತ್ರ.
ಕುರಿದೊಡ್ಡಿಯಲ್ಲಿ, ಗಾಳಿ ನಿಂತ ಅಪರೂಪದ ಹೊತ್ತಿನಲ್ಲಿ,
ಇಲಿ ಸೀನಿದರೂ ತಿರುಗಿ ನೋಡುತ್ತಾನೆ.

ಗಾಜಿನ ಆಚೆ ಕೂರಿಸಿ ಸಣ್ಣ ಸಣ್ಣ ದನಿ ಕಳಿಸಿದೆ.
ಒಂದನ್ನೂ ಬಿಡಲಿಲ್ಲ. ಗುಂಡಿ ಒತ್ತಿದ, ಒತ್ತಿದ,
ನಾನು ಏನೂ ಕಳಿಸದಿದ್ದಾಗಲೂ ಒಮ್ಮೆ ಒತ್ತಿ
ಸಿಕ್ಕಿಬಿದ್ದವನಂತೆ ನಕ್ಕ.

ಆಮೇಲೆ ಒಳಗಿವಿ.
ಒಂದು ಪುಟ್ಟ ಬಿರಡೆ, ಒಂದು ಟಿಕ್ಕು,
ಮತ್ತೆ ಕಾಯುವುದು.
ಬಟಾಣಿಯಷ್ಟಿರುವ ಆ ಶಂಖ
ತಾನೇ ಒಂದು ದನಿ ತೆಗೆಯುತ್ತದೆ, ಓಗೊಟ್ಟ ಹಾಗೆ;
ಹೆತ್ತವಳಿಗೂ ಕೇಳದ್ದು, ಯಂತ್ರಕ್ಕಷ್ಟೇ ಕೇಳುವಂಥದ್ದು.
ಟೋಕಿಯ ಶಂಖ ಚೆನ್ನಾಗಿಯೇ ಮೊಳಗಿತು.
ಇನ್ನೊಂದು ಕಿವಿಗೆ ಸುಯ್ಯೆನ್ನುವ ಗದ್ದಲ ಬಿಟ್ಟೆ.
ಬೇರೆ ಮಕ್ಕಳಲ್ಲಿ ಆಗ ಮಿದುಳಿನ ಬುಡದಿಂದ
ಮೆಲ್ಲಗೆ, ಎಂದೊಂದು ಮಾತು ಕೆಳಗಿಳಿಯುತ್ತದೆ,
ಶಂಖ ತಗ್ಗುತ್ತದೆ.
ಇವನದು ತಗ್ಗಲಿಲ್ಲ.
ಹೇಳುವವರು ಹೇಳಲಿಲ್ಲವೋ, ಕೇಳುವವರು ಕೇಳಲಿಲ್ಲವೋ,
ನನಗೆ ಗೊತ್ತಿಲ್ಲ.

ಹಣೆಗೊಂದು, ಕಿವಿಯ ಹಿಂದೊಂದು ತಂತಿ ಅಂಟಿಸಿ ಮಲಗಿಸಿದೆ.
ಎರಡು ಸಾವಿರ ಟಿಕ್ಕು. ನಿದ್ದೆಹೋದ.
ಪರದೆಯ ಮೇಲೆ ಐದು ಗುಡ್ಡ ಎದ್ದವು,
ಎಲ್ಲ ಫ್ಯಾರೋ ಗುಡ್ಡಗಳ ಹಾಗೆ ಮರವಿಲ್ಲದವು.
ಐದನೆಯದು ಕೊಂಚ ತಡ.
ಎಷ್ಟು? ಸೆಕೆಂಡನ್ನು ಸಾವಿರ ಹೋಳು ಮಾಡಿ
ಅಂಥ ಒಂದು ಹೋಳಿನ ಅರ್ಧ.
ಅಷ್ಟರಲ್ಲಿ ಏನು ಮುಳುಗಿಹೋಗುತ್ತೆ, ಅಂದಳು ಮರ್ಯುನ್.

ಶಂಖದಿಂದ ಬಂದರೇ ತೀರ್ಥ, ನಿಜ.
ಬೊಗಸೆಯೇ ತಡವಾಗಿ ಬಂದರೆ?

ಅವಳು ಬಹಳ ಹೊತ್ತು ಗುಡ್ಡಗಳನ್ನೇ ನೋಡಿದಳು. ಆಮೇಲೆ:
ಕಾರ್ಖಾನೆಯಲ್ಲಿ, ತಲೆ ಕತ್ತರಿಸುವ ಯಂತ್ರದ ಪಕ್ಕ
ಯಾರಿಗೂ ಏನೂ ಕೇಳುವುದಿಲ್ಲ.
ಮೊದಲು ಭುಜ ಮುಟ್ಟುತ್ತೇವೆ. ಮುಖ ಇತ್ತ ತಿರುಗಿದ ಮೇಲೆ
ತುಟಿ ಅಗಲಿಸಿ ಎರಡೇ ಮಾತು.
ಹನ್ನೊಂದು ವರ್ಷದಿಂದ ನನಗೆ ಅದು ಗೊತ್ತು.
ಮನೆಯಲ್ಲಿ ಮಾತ್ರ ಕೂಗುತ್ತಿದ್ದೆ,
ಬೆನ್ನು ತಿರುಗಿಸಿಕೊಂಡು,
ನಲ್ಲಿ ಬಿಟ್ಟುಕೊಂಡು.

ಟೋಕಿ ಎದ್ದ, ಕೂದಲೆಲ್ಲ ಅಂಟು.
ನನ್ನ ಕಿವಿ ಏನೋ ಅಂದಿತಂತಲ್ಲ,
ಏನಂದಿತು?

ಪ್ರಿಂಟರು ಗರಗರ ಕಾಗದ ಎಳೆಯುತ್ತಿತ್ತು.
ಮೊದಲು ಅದನ್ನು ನಿಲ್ಲಿಸಿದೆ.