ಬಾಗಿಲು ಮೆಲ್ಲಗೆ

ಡ್ರಿಫೀಲ್ಡಿನಾಚೆ, ಬಾರ್ಲಿ ಹೊಲ ಮುಗಿದಲ್ಲಿ
ನಮ್ಮ ಗಂಡುಹಂದಿಗಳ ಕೊಟ್ಟಿಗೆ.
ಒಳಹೋಗುವವರು ತಲೆಗೇ ನೀರು ಹಾಕಿಕೊಳ್ಳಬೇಕು,
ಬಟ್ಟೆ ಬದಲಿಸಬೇಕು.
ಇಷ್ಟು ಮಡಿ ನಾನು ದೇವರಮನೆಯಲ್ಲೂ ಕಂಡಿಲ್ಲ.

ನನ್ನ ಕೆಲಸ ಕಿವಿಯಂಚಿನದು.
ಮರಿಗೆ ಹಳದಿ ಪ್ಲಾಸ್ಟಿಕ್ಕಿನ ಓಲೆ ಚುಚ್ಚುವಾಗ
ಸಾಸಿವೆಯಷ್ಟು ಚರ್ಮ ಕೊಳವೆಗೆ ಬೀಳುತ್ತದೆ;
ಅಂಚೆಯಲ್ಲಿ ಹೋಗಿ
ಜಾತಕವಾಗಿ ಮರಳುತ್ತದೆ.
ಜಿ ಇರಬೇಕಾದಲ್ಲಿ ಎ.
ಅಷ್ಟಕ್ಕೇ ಬೆನ್ನಿನ ಕೊಬ್ಬು ಕೂದಲೆಳೆ ತೆಳು,
ಅಷ್ಟಕ್ಕೇ ಹೆಣ್ಣುಮಕ್ಕಳ ಸೂಲಿಗೆ
ಪಾಯಿಂಟ್ ಮೂರು ಮರಿ ಹೆಚ್ಚು.

ಪಾಯಿಂಟ್ ಮೂರು ಮರಿಗೆ ಕಾಲೆಷ್ಟು,
ವಿಲ್ಫ್ ಮೆಗಿನ್ಸನ್ ಕೇಳುತ್ತಾನೆ, ನಗದೆ.
ಒಂದೂಕಾಲಿಗೆ ಕೊಂಚ ಕಮ್ಮಿ.
ಇದರೊಳಗಿನ ಕಾಲನ್ನು
ಅವನ ಭಾಷೆಗೆ ದಾಟಿಸಲಾರೆ.

ಸೋಮವಾರ ಸೋಮವಾರ ಅಂಕ ಬದಲು.
ಹೋದ ವಾರ ಮೊದಲ ಪಂಕ್ತಿಯಲ್ಲಿದ್ದ ೭೩೧೨
ಈಗ ತನ್ನ ಮಗನಿಗಿಂತ ಕೆಳಗೆ.
ಅವನ ಬೀಜ ಹದಿನೇಳು ಡಿಗ್ರಿಯ ಪೆಟ್ಟಿಗೆಯಲ್ಲಿ
ವ್ಯಾನಿನ ಮುಂದಿನ ಸೀಟಿನಲ್ಲಿ, ಬೆಲ್ಟು ಕಟ್ಟಿಕೊಂಡು
ಲಿಂಕನ್‌ಶೈರ್ ಸುತ್ತಿ ಬಂದಿದೆ.
ಅವನು ಮಾತ್ರ ಈ ಗೋಡೆ ದಾಟಿಲ್ಲ.
ನೀರಿನ ನಲ್ಲಿ ಕಚ್ಚಿ ಆಡುತ್ತಾನೆ.
ಶುಕ್ರವಾರ ಲಾರಿ.

ವಿಲ್ಫ್ ಚಹಾದ ಹೊತ್ತಿಗೆ ಹೇಳಿದ್ದು:
ಅವನಪ್ಪನ ಕಾಲದ ಹಂದಿಗಳ ತೊಡೆ ನೋಡಬೇಕಿತ್ತು,
ಮಾಲ್ಟನ್ ಸಂತೆಯಲ್ಲಿ ಜನ ಮುಟ್ಟಿ ನೋಡುತ್ತಿದ್ದರು.
ಅಂಥವೇ,
ಲಾರಿಯ ಹಿಂಬಾಗಿಲು ದಢಾರನೆ ಬಿದ್ದರೆ ಸಾಕು,
ನಡುಗಿ, ಮೈ ಕಾದು, ಸೆಟೆದು,
ಅಲ್ಲೇ.
ಮಾಂಸ ಕೊಟ್ಟ ಅಕ್ಷರವೇ
ಹೆದರಿಕೆಯನ್ನೂ ಕೊಟ್ಟಿತ್ತು.

ಅದನ್ನು ಹುಡುಕಿ ತಳಿಯಿಂದ ಹೊರಹಾಕಿ
ಮೂವತ್ತು ವರ್ಷವಾಯಿತು.
ನಾನೂ ಹಾಳೆ ತಿರುವಿ ನೋಡಿದೆ, ಸುಮ್ಮನೆ.
ಒಂದರಲ್ಲೂ ಇಲ್ಲ. ೭೩೧೨ರಲ್ಲೂ ಇಲ್ಲ.

ಆದರೂ ವಿಲ್ಫ್ ಕಬ್ಬಿಣದ ಅಗುಳಿ ಹಾಕುವಾಗ
ನಡುವೆ ಅಂಗೈ ಕೊಡುತ್ತಾನೆ, ಸದ್ದಾಗದಂತೆ.
ಅವನಪ್ಪ ಹಾಗೇ ಕೊಡುತ್ತಿದ್ದನಂತೆ.
ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದೆ.

ಶುಕ್ರವಾರವೂ ಕೊಟ್ಟ.

ಆ ರಾತ್ರಿ, ಬೇರೆ ಯಾರೂ ಇಲ್ಲದ ನನ್ನ ಅಡುಗೆಮನೆಯಲ್ಲಿ
ಫ್ರಿಜ್ಜಿನ ಬಾಗಿಲಿಗೆ ಎಡಗೈ ಅಡ್ಡಕೊಟ್ಟು
ನಿಂತೇ ಇದ್ದೆ,
ಹಾಲು ತೆಗೆಯಲು ಬಂದವಳು.